ಮಸಿ ಬಳಿದುಕೊಂಡ ಕಪ್ಪು ನಾಯಕ

ನಮಸ್ಕಾರ. ಮೂಕಿ ಯುಗದ ಹಾಸ್ಯಚಿತ್ರಗಳಲ್ಲಿ ಕಪ್ಪು ಜನರನ್ನು ಗೇಲಿ ಮಾಡಿದ್ದರ ಬಗ್ಗೆ ಮಾತೆತ್ತಿದೊಡನೆ ಸಿದ್ಧವಾಗಿರುವ ಉತ್ತರವೊಂದಿದೆ: ಆ ಕಾಲವೇ ಹಾಗಿತ್ತು, ಅಂದಿನವರನ್ನು ಇಂದಿನ ತಕ್ಕಡಿಯಲ್ಲಿ ತೂಗಬಾರದು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ 1913ರಲ್ಲಿ ಅಮೆರಿಕದ ಚಿತ್ರನಿರ್ಮಾಣ ಸಂಸ್ಥೆ ಬಯೋಗ್ರಾಫ್ ಕಂಪನಿ ಚಿತ್ರೀಕರಿಸಿ, ಸಂಕಲನವನ್ನೂ ಮುಗಿಸದೆ ಕೈಬಿಟ್ಟ ಹಾಸ್ಯಚಿತ್ರವೊಂದರ ಏಳು ರೀಲುಗಳು.

ಆ ಚಿತ್ರದ ನಾಯಕ ಬರ್ಟ್ ವಿಲಿಯಮ್ಸ್. ಬಹಾಮಾಸ್‌ನಲ್ಲಿ ಹುಟ್ಟಿ, 1910ರಿಂದ ನ್ಯೂಯಾರ್ಕಿನ ರಂಗಭೂಮಿಯಾದ ಬ್ರಾಡ್‌ವೇಯಲ್ಲಿ ಝೀಗ್‌ಫೆಲ್ಡ್ ಫಾಲೀಸ್ ಎಂಬ ಹಾಡು-ಕುಣಿತ-ಹಾಸ್ಯದ ಪ್ರದರ್ಶನಗಳಲ್ಲಿ ಬಿಳಿಯ ಕಲಾವಿದರ ಸಮಕ್ಕೆ ನಿಂತು ನಗಿಸಿದ ಕಪ್ಪು ನಟ ಅವರು. ಆದರೂ ಈ ಚಿತ್ರದಲ್ಲಿ ಅವರು ಮುಖಕ್ಕೆ ಮಸಿ ಬಳಿದುಕೊಂಡಿದ್ದಾರೆ. ಮಸಿ ಬಳಿಯುವುದೆಂದರೆ ಕನ್ನಡದಲ್ಲಿ ಮರ್ಯಾದೆ ಕಳೆಯುವುದು ಎಂದೇ ಅರ್ಥ. ಅಮೆರಿಕದ ರಂಗಭೂಮಿಯಲ್ಲಾದರೋ ಕಪ್ಪು ಜನರನ್ನು ಅಣಕಿಸಲು ಬಿಳಿಯ ನಟರು ರೂಢಿಸಿದ್ದ ಆ ವೇಷವನ್ನು ತೊಡದೆ ಕಪ್ಪು ಹಾಸ್ಯನಟನೊಬ್ಬ ದೊಡ್ಡ ವೇದಿಕೆ ಏರುವುದೇ ಕಷ್ಟವಾಗಿತ್ತು.

ಆದರೆ ಈ ರೀಲುಗಳನ್ನು ನೋಡುವಾಗ ಕಣ್ಣು ನಿಲ್ಲುವುದು ವಿಲಿಯಮ್ಸ್ ಸುತ್ತಲಿನವರ ಮೇಲೆ. ಅಲ್ಲಿರುವ ಹತ್ತಾರು ಕಪ್ಪು ಕಲಾವಿದರಲ್ಲಿ ಉಳಿದವರ ಮುಖಕ್ಕೆ ಮಸಿಯಿಲ್ಲ. ಅವರು ಒಳ್ಳೆಯ ಉಡುಪು ತೊಟ್ಟು ಮೆರವಣಿಗೆ ಹೋಗುತ್ತಾರೆ, ಕೇಕ್‌ವಾಕ್ ಕುಣಿಯುತ್ತಾರೆ, ಜಾತ್ರೆಯ ತಿರುಗುಕುದುರೆಗಳ ಮೇಲೆ ಕೂರುತ್ತಾರೆ. ಒಬ್ಬಳೇ ಹುಡುಗಿಗಾಗಿ ಮೂವರ ಪೈಪೋಟಿ ಎಂಬ ಹಳೆಯ ಕಥೆಯಲ್ಲಿ ಆ ಹುಡುಗಿಯಾಗಿರುವ ಒಡೆಸ್ಸಾ ವಾರನ್ ಗ್ರೇ ಮತ್ತು ವಿಲಿಯಮ್ಸ್ ಪರಸ್ಪರ ಮುತ್ತು ಕೊಡುತ್ತಾರೆ. ಆ ಮುತ್ತಿನಲ್ಲಿ ಗೇಲಿಯ ಸುಳಿವೂ ಇಲ್ಲ. ಸಂಕೋಚವೂ ಸಂತೋಷವೂ ಬೆರೆತ ಅದು ಯಾವ ಪ್ರಣಯಚಿತ್ರಕ್ಕೂ ಸಲ್ಲುವಂಥದ್ದು. ನಾಯಕನೊಬ್ಬ ಮಸಿಯ ಭಾರ ಹೊತ್ತದ್ದರಿಂದಲೇ ಉಳಿದವರಿಗೆ ತಮ್ಮ ಸಹಜ ಮುಖದಲ್ಲಿ ಕಾಣಿಸಿಕೊಳ್ಳಲು ಸಾಧ್ಯವಾಯಿತೆಂದು ನನಗೆ ಅನ್ನಿಸುತ್ತದೆ. ಅದು ಕ್ರೂರವಾದ ಒಪ್ಪಂದ, ನಿಜ. ಆದರೂ ಅದರಿಂದ ದೊರೆತದ್ದು ಅಲ್ಪವಲ್ಲ.

ಇನ್ನು ಮೂಕಿ ಹಾಸ್ಯದ ಹೆಸರಾಂತ ಬಿಳಿಯ ನಟ-ನಿರ್ದೇಶಕ ಬಸ್ಟರ್ ಕೀಟನ್ ಅವರ 1925ರ ‘ಸೆವೆನ್ ಚಾನ್ಸಸ್’ ಚಿತ್ರಕ್ಕೆ ಬನ್ನಿ. ಕೀಟನ್ ನನಗೆ ಬಹಳ ಪ್ರಿಯರು. ಬೆಟ್ಟದಿಂದ ಬಂಡೆಗಳು ಬೆನ್ನಟ್ಟುವ ದೃಶ್ಯಕ್ಕೆ ಇಂದಿಗೂ ಮನಸಾರೆ ನಗುತ್ತೇನೆ. ಅದೇ ಚಿತ್ರದಲ್ಲಿ ಸಂಜೆಯೊಳಗೆ ಮದುವೆಯಾಗಲೇಬೇಕಾದ ನಾಯಕ ಸಿಕ್ಕಸಿಕ್ಕ ಹೆಣ್ಣುಗಳನ್ನೆಲ್ಲ ಕೇಳುತ್ತ ಹೋಗಿ, ಒಬ್ಬಳು ಕಪ್ಪು ಹೆಣ್ಣೆಂದು ಕಂಡೊಡನೆ ಸರಿದುಬಿಡುತ್ತಾನೆ. ನಗೆಹನಿ ಅಷ್ಟೇ. ಜೊತೆಗೆ, ಸಂದೇಶ ಒಯ್ಯುವ ಕಪ್ಪು ಆಳಿನ ಪಾತ್ರದಲ್ಲಿ ಇರುವುದು ಮಸಿ ಬಳಿದುಕೊಂಡ ಬಿಳಿಯ ನಟ. ಹನ್ನೆರಡು ವರ್ಷಗಳ ಹಿಂದೆಯೇ ಕಪ್ಪು ಕಲಾವಿದರು ಪ್ರಣಯಹಾಸ್ಯವೊಂದನ್ನು ಇಡಿಯಾಗಿ ನಟಿಸಿ ತೋರಿಸಿದ್ದಾಗ, ಕಾಲವನ್ನು ದೂರಿ ನುಣುಚಿಕೊಳ್ಳುವುದು ಹೇಗೆ? ಆ ಕಾಲದಲ್ಲಿ ಎರಡೂ ಸಾಧ್ಯವಿತ್ತು. ತೆರೆ ಕಂಡದ್ದು ಒಂದು, ಪೆಟ್ಟಿಗೆ ಸೇರಿದ್ದು ಇನ್ನೊಂದು.

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 1939ರಲ್ಲಿ ಬಯೋಗ್ರಾಫ್‌ನ ನೆಗೆಟಿವ್‌ಗಳನ್ನು ಪಡೆದುಕೊಂಡಾಗ ಈ ರೀಲುಗಳೂ ಅವುಗಳೊಡನೆ ಬಂದವು. ಜೋಡಿಸಿ ಸಾರ್ವಜನಿಕರಿಗೆ ತೋರಿಸಿದ್ದು 2014ರಲ್ಲಿ. ಸಂಕಲನವಾಗದೆ ಉಳಿದದ್ದರಿಂದ, ಕತ್ತರಿಗೆ ಸಿಕ್ಕಿ ಹೋಗಬೇಕಾಗಿದ್ದ ತುಣುಕುಗಳೂ ಅದರಲ್ಲಿ ಹಾಗೆಯೇ ಇವೆ: ಒಂದು ಟೇಕ್ ಮುಗಿದು ಇನ್ನೊಂದು ಶುರುವಾಗುವ ಮುನ್ನ, ಬಿಳಿಯ ತಂತ್ರಜ್ಞರೂ ಕಪ್ಪು ನಟರೂ ಒಂದೇ ಚೌಕಟ್ಟಿನಲ್ಲಿ ನಿಂತಿರುತ್ತಾರೆ.