ಕಂಟೇನರ್ ಎಲ್ಲಿದೆ ಅಂತ ಕಳ್ಳನಿಗೂ ಗೊತ್ತು

ಕಂಟೇನರ್‌ಗೆ ಒಂದು ಜಿಪಿಎಸ್ ಡಬ್ಬಿ ಅಂಟಿಸಿಬಿಟ್ಟರೆ ಕಳ್ಳತನ, ಸ್ಮಗ್ಲಿಂಗ್ ಎಲ್ಲ ನಿಂತೇ ಹೋಗುತ್ತದೆ ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವರಲ್ಲಿ ಅರ್ಧ ಜನ ಆ ಡಬ್ಬಿಯನ್ನೇ ಮಾರುವವರು, ಅದು ಬಿಡಿ. ಟ್ರ್ಯಾಕಿಂಗ್ ಬೇಡ ಅನ್ನುವುದು ನನ್ನ ವಾದ ಅಲ್ಲ. ಆದರೆ ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ ಏನಾಯಿತು ಅಂತ ಒಮ್ಮೆ ಕೇಳಿ. ಅಲ್ಲಿ ಕಳ್ಳರಿಗೆ ಎಲ್ಲಕ್ಕಿಂತ ಜಾಸ್ತಿ ನೆರವಾಗಿದ್ದೇ ಕಂಟೇನರ್ ಎಲ್ಲಿದೆ ಎಂದು ತೋರಿಸುವ ಕಂಪ್ಯೂಟರ್.

2011ರಲ್ಲಿ ಶುರುವಾದದ್ದು. ದಕ್ಷಿಣ ಅಮೆರಿಕದಿಂದ ಬಾಳೆಹಣ್ಣು, ಮರ ಹೊತ್ತ ಕಂಟೇನರ್‌ಗಳು ಬರುತ್ತವೆ. ಕೆಲವದರೊಳಗೆ ಮಾಲೀಕನಿಗೇ ಗೊತ್ತಿಲ್ಲದ ಹಾಗೆ ಕೊಕೇನ್ ಅಡಗಿಸಿರುತ್ತಾರೆ. ಈಗ ಅದನ್ನು ಬಂದರಿನಿಂದ ಹೊರಗೆ ತರಬೇಕಲ್ಲ? ಗ್ಯಾಂಗ್ ಹ್ಯಾಕರ್‌ಗಳನ್ನು ಗೊತ್ತುಮಾಡಿಕೊಂಡಿತು. ಅವರು ಮೊದಲು ಬಂದರಿನ ಕಂಟೇನರ್ ಕಂಪನಿಗಳಿಗೆ ಇಮೇಲ್‌ನಲ್ಲಿ ವೈರಸ್ ಕಳಿಸಿದರು. ಅದು ಕಂಪನಿಯವರ ಕಣ್ಣಿಗೆ ಬಿದ್ದು ದಾರಿ ಮುಚ್ಚಿದ ಮೇಲೆ ಸುಮ್ನೆ ಕೂರಲಿಲ್ಲ, ಆಫೀಸಿಗೇ ನುಗ್ಗಿ, ಕೀಬೋರ್ಡಿನಲ್ಲಿ ಒತ್ತಿದ್ದನ್ನೆಲ್ಲ ಕದ್ದು ಕಳಿಸುವ ಪುಟ್ಟ ಸಾಧನಗಳನ್ನು ಎಕ್ಸ್‌ಟೆನ್ಶನ್ ಬೋರ್ಡಿನಂಥ ವಸ್ತುಗಳಲ್ಲಿ ಅಡಗಿಸಿಟ್ಟು ಬಂದರು. ಎಕ್ಸ್‌ಟೆನ್ಶನ್ ಬೋರ್ಡಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ ಹೇಳಿ.

ಅವರಿಗೆ ಬೇಕಿದ್ದದ್ದು ಎರಡೇ. ಕಂಟೇನರ್ ಯಾರ್ಡಿನಲ್ಲಿ ಎಲ್ಲಿದೆ, ಅದರ ಪಿನ್ ಏನು. ಗೇಟಿನಲ್ಲಿ ಡ್ರೈವರ್ ಸರಿಯಾದ ಪಿನ್ ಕೊಟ್ಟರೆ ಕಂಟೇನರ್ ಅವನ ಟ್ರೇಲರ್ ಮೇಲೆ ಬಂದು ಕೂರುತ್ತದೆ. ನಿಮ್ಮ ಓಟಿಪಿಯನ್ನು ಇನ್ಯಾರೋ ಓದಿದ ಹಾಗೆ ಇದು. ನಿಜವಾದ ಲಾರಿ ಬರುವ ಮೊದಲೇ ಗ್ಯಾಂಗಿನ ಲಾರಿ ಬಂದು, ಬೇಲಿ ಮುರಿಯದೆ, ಬೀಗ ಒಡೆಯದೆ, ಮುಂಬಾಗಿಲಿನಿಂದಲೇ ಮಾಲು ಒಯ್ಯುತ್ತಿತ್ತು. ಒಮ್ಮೆ ಲೆಕ್ಕ ತಪ್ಪಿತು. ಒಳಗೆ ಏನಿದೆ ಅಂತ ಗೊತ್ತೇ ಇಲ್ಲದ ಡ್ರೈವರ್ ಒಬ್ಬ ತನ್ನ ಪಾಡಿಗೆ ಆ ಕಂಟೇನರ್ ತಗೊಂಡು ಹೊರಟ, ದಾರಿಯಲ್ಲಿ ಅವನ ಮೇಲೆ ಎಕೆ-47ನಿಂದ ಗುಂಡು ಹಾರಿಸಿದರು. ಪುಣ್ಯಕ್ಕೆ ಬದುಕಿಕೊಂಡ. 2013ರಲ್ಲಿ ಪೊಲೀಸರು ದಾಳಿ ಮಾಡಿದಾಗ ಒಂದು ಟನ್ನಿನಷ್ಟು ಕೊಕೇನ್ ಸಿಕ್ಕಿತು. ಹತ್ತು ವರ್ಷ ಬಿಟ್ಟು, 2023ರಲ್ಲಿ, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ವರದಿ ಮಾಡಿದ್ದೂ ಇದೇ ಪಿನ್ ಕಳ್ಳತನದ ಬಗ್ಗೆ!

ನಮ್ಮಲ್ಲಿಗೆ ಬರೋಣ. ಫ್ಯಾಕ್ಟರಿಯಲ್ಲೇ ತುಂಬಿ ಸೀಲ್ ಮಾಡುವ ರಫ್ತು ಕಂಟೇನರ್‌ಗಳಿಗೆ 2017ರಿಂದ ಕಸ್ಟಮ್ಸ್‌ನವರು ಇ-ಸೀಲ್ ತಂದರು. ಅಂದರೆ ರೇಡಿಯೋ ಅಲೆಯಲ್ಲಿ ತನ್ನ ಗುರುತು ಹೇಳುವ ಆರ್‌ಎಫ್‌ಐಡಿ ಚಿಪ್ ಇರುವ, ಬಾಗಿಲಿಗೆ ಹಾಕುವ ಬೋಲ್ಟ್ ಸೀಲ್. ಒಳ್ಳೆಯ ಕೆಲಸವೇ. ಆದರೆ ಆ ಚಿಪ್ ಮಾತಾಡುವುದು ರೀಡರ್ ಎದುರಿಗೆ ಬಂದಾಗ ಮಾತ್ರ. ಫ್ಯಾಕ್ಟರಿಯಿಂದ ಬಂದರಿನವರೆಗೆ ದಾರಿಯಲ್ಲಿ ಏನಾಯಿತು, ಲಾರಿ ಯಾವ ಢಾಬಾದಲ್ಲಿ ಎಷ್ಟು ಹೊತ್ತು ನಿಂತಿತ್ತು, ಅದಕ್ಕೆ ಗೊತ್ತಿಲ್ಲ. ಅದೂ ಅಲ್ಲದೆ ಸೀಲ್ ಮುಟ್ಟದೆಯೇ ಬಾಗಿಲಿನ ಹಿಡಿಯ ರಿವಿಟ್ ಕಿತ್ತು, ಮಾಲು ತೆಗೆದು, ಹೊಸ ರಿವಿಟ್ ಹಾಕಿ ಬಣ್ಣ ಬಳಿಯುವ ಕಸುಬು ಹಳೆಯದು. ಸೀಲ್ ಗಟ್ಟಿಯಾಗೇ ಇರುತ್ತದೆ, ಮಾಲು ಇರುವುದಿಲ್ಲ.

ಹಾಗಾದರೆ ಜಿಪಿಎಸ್ ಇರುವ ಟ್ರ್ಯಾಕರ್? ರಸ್ತೆಯ ಮೇಲೆ ನಿಜಕ್ಕೂ ಉಪಯೋಗ ಇದೆ. ಬಾಗಿಲು ತೆರೆದರೆ, ಒಳಗೆ ಬೆಳಕು ಬಿದ್ದರೆ, ಹೇಳಿದ ದಾರಿ ಬಿಟ್ಟು ಲಾರಿ ಆಚೆ ಹೋದರೆ ತಕ್ಷಣ ಮೆಸೇಜ್ ಬರುತ್ತದೆ. ಘಟ್ಟದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ. ಹಡಗಿನಲ್ಲಿ ಬೇರೆ ಕಥೆ. ಕಂಟೇನರ್ ಮೇಲೆ ಕಂಟೇನರ್ ಪೇರಿಸಿ ಸುತ್ತಲೂ ಬರೀ ಕಬ್ಬಿಣ ಇರುವಾಗ ಕೆಳಗಿನ ಸಾಲಿನ ಡಬ್ಬಿಗೆ ಆಕಾಶವೇ ಕಾಣುವುದಿಲ್ಲ, ಉಪಗ್ರಹದ ಸಿಗ್ನಲ್ ಸಿಗುವುದಿಲ್ಲ.

ಇನ್ನು ಗುಜರಾತಿನ ಮುಂದ್ರಾ ಬಂದರು ನೆನಪಿದೆಯಲ್ವಾ? 2021ರ ಸೆಪ್ಟೆಂಬರ್. ಎರಡು ಕಂಟೇನರ್, ಸುಮಾರು 3,000 ಕೆಜಿ ಹೆರಾಯಿನ್, ಕಾಗದದಲ್ಲಿ ಬರೀ ಟಾಲ್ಕ್ ಕಲ್ಲು. ಅಫ್ಘಾನಿಸ್ತಾನದ ಮಾಲು, ಇರಾನಿನ ಬಂದರ್ ಅಬ್ಬಾಸ್‌ನಿಂದ ಹಡಗು ಹತ್ತಿತ್ತು. ಅದಕ್ಕೆ ಎಂಥಾ ಟ್ರ್ಯಾಕರ್ ಹಾಕಿದ್ದರೂ ಎಲ್ಲ ಸರಿ ಇದೆ ಅಂತಲೇ ತೋರಿಸುತ್ತಿತ್ತು, ಯಾಕೆಂದರೆ ದಾರಿಯಲ್ಲಿ ಯಾರೂ ಬಾಗಿಲು ತೆರೆಯಬೇಕಾಗಿರಲಿಲ್ಲ. ತುಂಬಿಸುವಾಗಲೇ ಹೆರಾಯಿನ್ ಸೇರಿಸಿದ್ದರು. ಅಲ್ಲಿ ಕೆಲಸ ಮಾಡಿದ್ದು ಕಳ್ಳಸಾಗಣೆ ಪತ್ತೆ ಮಾಡುವ ಸರ್ಕಾರಿ ಸಂಸ್ಥೆ ಡಿಆರ್‌ಐಗೆ ಸಿಕ್ಕ ಸುಳಿವು.

ಅದಕ್ಕೇ ನನಗೆ ಅನ್ನಿಸುವುದು, ಕಂಟೇನರ್ ಮೇಲೆ ಕಣ್ಣಿಡುವುದಕ್ಕಿಂತ ಆ ಮಾಹಿತಿಯನ್ನು ನೋಡುವವರ ಮೇಲೆ ಕಣ್ಣಿಡುವುದು ಮುಖ್ಯ. ಶಿಪ್ಪಿಂಗ್ ಲೈನ್, ಸಾಗಾಟ ಏರ್ಪಾಡು ಮಾಡುವ ಫಾರ್ವರ್ಡರ್, ಕಸ್ಟಮ್ಸ್ ಏಜೆಂಟ್, ಟ್ರಾನ್ಸ್‌ಪೋರ್ಟಿನವರು, ಗೋದಾಮಿನವರು, ಎಲ್ಲರ ಹತ್ತಿರವೂ ಒಂದೊಂದು ಲಾಗಿನ್. ಎಷ್ಟೋ ಕಡೆ ಅದೇ ಪಾಸ್‌ವರ್ಡ್ ವಾಟ್ಸಾಪ್ ಗುಂಪಿನಲ್ಲೂ ಇರುತ್ತದೆ. ಆಂಟ್ವರ್ಪ್‌ನವರು ಕೊನೆಗೆ ಹಳೇ ಪಿನ್ ಪದ್ಧತಿಯನ್ನೇ ಬಿಟ್ಟು, ಕಂಟೇನರ್ ಬಿಡಿಸಿಕೊಳ್ಳುವ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ದಾಖಲೆ ಸಮೇತ ದಾಟುವ ಡಿಜಿಟಲ್ ಕೀಗೆ ಬದಲಾದರು. ಟ್ರ್ಯಾಕರ್ ಖರೀದಿಗಿಂತ ಇದು ಕಷ್ಟದ ಕೆಲಸ, ಅದಕ್ಕೇ ಯಾರೂ ಮೊದಲು ಇದನ್ನು ಮಾಡುವುದಿಲ್ಲ.

ನೀವು ಕಾಫಿ ಕಳಿಸುವವರೋ, ಗೇರುಬೀಜ ತರಿಸುವವರೋ ಆಗಿದ್ದು ಟ್ರ್ಯಾಕರ್ ಮಾರುವವರು ಬಾಗಿಲಿಗೆ ಬಂದರೆ, ಬ್ಯಾಟರಿ ಎಷ್ಟು ದಿನ ಬರುತ್ತದೆ ಅಂತ ಆಮೇಲೆ ಕೇಳಿ. ಮೊದಲು, ನನ್ನ ಕಂಟೇನರ್ ಎಲ್ಲಿದೆ ಅಂತ ನಿಮ್ಮ ಆಫೀಸಿನಲ್ಲಿ ಎಷ್ಟು ಜನ ನೋಡಬಹುದು, ಕೆಲಸ ಬಿಟ್ಟವನ ಲಾಗಿನ್ ಯಾವತ್ತು ಮುಚ್ಚುತ್ತೀರಿ, ರಾತ್ರಿ ಎರಡು ಗಂಟೆಗೆ ಬಾಗಿಲು ತೆರೆದ ಮೆಸೇಜ್ ಬಂದರೆ ಎದ್ದು ಫೋನ್ ಮಾಡುವವರು ಯಾರು ಅಂತ ಕೇಳಿ. ಉತ್ತರವನ್ನು ಬರೆದು ಕೊಡಲಿ.