ರೇಸ್ ಎಂಜಿನ್ನಿಗೆ ಸಿಲ್ಕ್ ಬೋರ್ಡ್ ತೋರಿಸಬೇಡಿ

ನಮಸ್ಕಾರ. ಇವತ್ತು ಒಂದಷ್ಟು ಕಾರು ಹುಚ್ಚರಿಗೆ ಬೇಜಾರಾಗುವ ಮಾತು ಆಡುತ್ತೇನೆ. ನಾನೂ ಅದೇ ಜಾತಿಯವನು, ಹಾಗಾಗಿ ಸ್ವಲ್ಪ ಸಹಿಸಿಕೊಳ್ಳಿ.

ಅಮೆರಿಕದಲ್ಲಿ ನಾಸ್ಕಾರ್ ಅನ್ನುವ ಕಾರು ರೇಸಿನ ತಂಡಗಳು ಓಡಿಸಿ ಬಿಟ್ಟ ಎಂಜಿನ್ನುಗಳು ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಬರುತ್ತವೆ. ಅದನ್ನು ಕೊಂಡು, ಹಳೇ ಕಾರಿಗೆ ಕೂರಿಸಿ, ತರಕಾರಿ ತರುವುದಕ್ಕೂ ಅದರಲ್ಲೇ ಹೋಗುವವರಿದ್ದಾರೆ. ಅಂಥ ಕಾರುಗಳನ್ನು ನೋಡಿ ನೋಡಿ ನಮ್ಮ ಬೆಂಗಳೂರಿನ ಹುಡುಗರಿಗೂ ಆಸೆ ಹುಟ್ಟಿದೆ. ಜೆ.ಸಿ. ರಸ್ತೆಯ ಯಾವುದಾದರೂ ಸ್ಪೇರ್ ಪಾರ್ಟ್ಸ್ ಅಂಗಡಿ ಮುಂದೆ ಟೀ ಕುಡಿಯುತ್ತ ನಿಂತುಕೊಳ್ಳಿ. ‘ಮಗಾ, ಇದಕ್ಕೊಂದು ರೇಸ್ ಎಂಜಿನ್ ಹಾಕ್ಬಿಟ್ರೆ...’ ಅನ್ನುವ ಮಾತು ಕಿವಿಗೆ ಬಿದ್ದೇ ಬೀಳುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದಂಡ. ಕಾರೂ ದಂಡ, ಎಂಜಿನ್ನೂ ದಂಡ. ಅರಬ್ಬೀ ಕುದುರೆಯನ್ನು ತಂದು ಗಾಣಕ್ಕೆ ಕಟ್ಟಿದ ಹಾಗೆ.

ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಎಷ್ಟು ಎಚ್‌ಪಿ, ಅಂದರೆ ಎಷ್ಟು ಶಕ್ತಿ? ಯಾವ ಆರ್‌ಪಿಎಮ್‌ನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ ಅಂತ ಯಾರೂ ಕೇಳುವುದಿಲ್ಲ. ನಾಸ್ಕಾರ್ ಎಂಜಿನ್ ಅಂದರೆ 358 ಕ್ಯೂಬಿಕ್ ಇಂಚಿನ ವಿ8, ನಮ್ಮ ಲೆಕ್ಕದಲ್ಲಿ ಸುಮಾರು 5.9 ಲೀಟರ್. ಅದಕ್ಕೆ ಖುಷಿ ಬರುವುದು 9,000 ಆರ್‌ಪಿಎಮ್ ಆಸುಪಾಸಿನಲ್ಲಿ. ನಾವು ಔಟರ್ ರಿಂಗ್ ರೋಡಿನಲ್ಲಿ ಓಡಿಸುವುದು ಎಷ್ಟರಲ್ಲಿ? 1,500. ಜಾಸ್ತಿ ಅಂದರೆ 2,000.

ಆ 1,500ರಲ್ಲಿ ಒಳಗೆ ಏನಾಗುತ್ತದೆ ನೋಡಿ. ರೇಸ್ ಕ್ಯಾಮ್ ಶಾಫ್ಟ್ ವಾಲ್ವುಗಳನ್ನು ತುಂಬಾ ಹೊತ್ತು ತೆರೆದಿಡುತ್ತದೆ. ಗಾಳಿ ಒಳಗೆ ಬರುವ ವಾಲ್ವು, ಹೊಗೆ ಹೊರಗೆ ಹೋಗುವ ವಾಲ್ವು, ಎರಡೂ ಒಟ್ಟಿಗೆ ತೆರೆದಿರುವ ಒಂದು ಗಳಿಗೆ ಇರುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಇದರಿಂದ ಲಾಭ. ಹೊರಗೆ ನುಗ್ಗುವ ಹೊಗೆಯೇ ಹೊಸ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ನಿಧಾನಕ್ಕೆ ತಿರುಗುವಾಗ ಎಲ್ಲಾ ಉಲ್ಟಾ. ಸುಟ್ಟ ಹೊಗೆ ವಾಪಸ್ ಒಳಗೇ ಬರುತ್ತದೆ, ಪೆಟ್ರೋಲು ಸರಿಯಾಗಿ ಉರಿಯುವುದಿಲ್ಲ, ಐಡ್ಲಿಂಗ್ (ಕಾರು ನಿಂತಿರುವಾಗ ಎಂಜಿನ್ ಸುಮ್ಮನೆ ಓಡುವುದು) ಒಂದೇ ಸಮ ಇರುವುದಿಲ್ಲ, ಕಾರು ಗಡಗಡ ಅಲುಗಾಡುತ್ತದೆ. ಆ ಗಡಗಡ ಕೇಳಿ ಜನ ‘ವಾವ್’ ಅನ್ನುತ್ತಾರೆ. ಅಸಲಿಗೆ ಅದು ಎಂಜಿನ್ ಉಸಿರಾಡಲು ಒದ್ದಾಡುವ ಸದ್ದು.

ಇನ್ನು ಕ್ಲಚ್. ರೇಸ್ ಕ್ಲಚ್ ಚಿಕ್ಕದು, ಹಲವು ಪ್ಲೇಟಿನದು, ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ಮಧ್ಯೆ ಏನೂ ಇಲ್ಲ. ನಮ್ಮೂರಿನ ಡ್ರೈವಿಂಗೇ ಹಾಫ್ ಕ್ಲಚ್ ಮೇಲೆ ನಿಂತಿದೆ, ಅಲ್ವಾ? ಸಿಲ್ಕ್ ಬೋರ್ಡಿನಲ್ಲಿ ಮುಂದಿನ ಬಿಎಂಟಿಸಿ ಬಸ್ಸು ಒಂದಡಿ ಸರಿಯುತ್ತದೆ, ನೀವೂ ಒಂದಡಿ ಸರಿಯಬೇಕು. ಸರಿಯದಿದ್ದರೆ ಆ ಜಾಗಕ್ಕೆ ಆಟೋ ಬಂದು ನಿಂತಿರುತ್ತದೆ. ಅಲ್ಲಿ ಈ ಕ್ಲಚ್ ಹಿಡಿದುಕೊಂಡು ಕೂತರೆ ಪ್ಲೇಟು ಸುಟ್ಟ ವಾಸನೆ ಹಿಂದಿನ ಕಾರಿನವರೆಗೂ ಹೋಗುತ್ತದೆ. ಎಂಜಿನ್ ಒಂದೇ ಸಮ ತಿರುಗುವ ಹಾಗೆ ನೋಡಿಕೊಳ್ಳುವ ಫ್ಲೈವೀಲ್ ಚಕ್ರ ಬೇರೆ ಹಗುರ. ಚೂರು ತಪ್ಪಿದರೆ ಆಫ್.

ಬಿಸಿಯ ಕಥೆಯೂ ಹಾಗೇ. ರೇಸ್ ಕಾರಿನ ರೇಡಿಯೇಟರ್ ನಂಬಿರುವುದು ಎದುರಿನಿಂದ ಬರುವ ಗಾಳಿಯನ್ನು. ಫಾರ್ಮುಲಾ ಒನ್ ಕಾರು ರೇಸ್ ಶುರುವಾಗುವ ಮುಂಚೆ ನಿಂತಿರುವಾಗ ಮೆಕ್ಯಾನಿಕ್‌ಗಳು ಬ್ಲೋವರ್ ಹಿಡಿದು ತಂಪು ಮಾಡುತ್ತಿರುತ್ತಾರೆ, ನೋಡಿರಬಹುದು. ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿ 2022ರಲ್ಲಿ ಲೆಕ್ಕ ಹಾಕಿದ ಪ್ರಕಾರ ಬೆಂಗಳೂರಿನ ಮಧ್ಯಭಾಗದಲ್ಲಿ 10 ಕಿಲೋಮೀಟರ್ ದಾಟಲು 29 ನಿಮಿಷ 10 ಸೆಕೆಂಡ್ ಬೇಕಿತ್ತು. ಬ್ಲೋವರ್ ಹಿಡಿದವನನ್ನು ಪಕ್ಕದಲ್ಲಿ ಆಕ್ಟಿವಾದಲ್ಲಿ ಕರೆದುಕೊಂಡು ಹೋಗಬೇಕಾದೀತು.

ಆಯಸ್ಸಿನ ಮಾತು ಇನ್ನೂ ಬೇಸರದ್ದು. ನಾಸ್ಕಾರ್‌ನ ಡೇಟೋನಾ 500 ರೇಸ್ ಅಂದರೆ 500 ಮೈಲಿ, ಸುಮಾರು 800 ಕಿಲೋಮೀಟರ್. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗಿ ಬಂದರೆ ಅಷ್ಟಾಗುತ್ತದೆ. ಇಂಥ ಎಂಜಿನ್ನನ್ನು ಕಟ್ಟುವುದೇ ಅಂಥ ಕೆಲವೇ ರೇಸು ತಡೆಯಲಿ ಅಂತ. ಆಮೇಲೆ ಬಿಚ್ಚಿ, ವಾಲ್ವ್ ಸ್ಪ್ರಿಂಗಿನಿಂದ ಬೇರಿಂಗಿನವರೆಗೆ ಎಲ್ಲಾ ನೋಡುತ್ತಾರೆ. ನೀವು ಮಾತ್ರ ಹುಬ್ಬಳ್ಳಿಯಲ್ಲಿ ಮದುವೆ ಊಟ ಮುಗಿಸಿ ಬಂದು ಎಂಜಿನ್ ಇಳಿಸುತ್ತೀರಾ? ಟ್ಯಾಪೆಟ್ ಗ್ಯಾಪನ್ನು, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಸಂದಿಯನ್ನು, ಪದೇ ಪದೇ ಫೀಲರ್ ಗೇಜ್ ಹಾಕಿ ಅಳೆಯುವ ಮೆಕ್ಯಾನಿಕ್ ಈಗ ಎಷ್ಟು ಗ್ಯಾರೇಜಿನಲ್ಲಿದ್ದಾರೆ?

‘ಹಾಗಾದರೆ ದೊಡ್ಡ ಕಂಪನಿಗಳು ರೇಸ್ ಎಂಜಿನ್ನನ್ನು ರಸ್ತೆಗೆ ತಂದಿಲ್ವಾ?’ ಅಂತ ಕೇಳಬಹುದು. ತಂದಿವೆ. ಹೇಗೆ ತಂದವು ಅನ್ನುವುದನ್ನು ನೋಡಿ. ಕ್ರೈಸ್ಲರ್ ಕಂಪನಿಯ 426 ಹೆಮಿ ಎಂಜಿನ್ 1964ರಲ್ಲಿ ಡೇಟೋನಾದಲ್ಲಿ ಎಲ್ಲರನ್ನೂ ಹಿಂದೆ ಹಾಕಿತು, ಅದನ್ನು ಓಡಿಸಿದ ರಿಚರ್ಡ್ ಪೆಟ್ಟಿ ಗೆದ್ದರು. ಜನರಿಗೆ ಮಾರದ ಎಂಜಿನ್ ನಡೆಯಲ್ಲ ಅಂತ ನಾಸ್ಕಾರ್ ತಕರಾರು ತೆಗೆಯಿತು. 1966ರಲ್ಲಿ ರಸ್ತೆ ಹೆಮಿ ಬಂತು. ಅದರ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ) ಇಳಿಸಿದ್ದರು, ಕ್ಯಾಮ್ ಬದಲಿಸಿದ್ದರು. ಹೆಸರು ಅದೇ ಉಳಿಯಿತು, ಸ್ವಭಾವ ಸಾಕಷ್ಟು ಬದಲಾಗಿತ್ತು.

ಮರ್ಸಿಡಿಸ್-ಎಎಂಜಿ ಒನ್ ಇನ್ನೂ ಒಳ್ಳೆಯ ಉದಾಹರಣೆ. ಎಫ್‌1 ಕಾರಿನ 1.6 ಲೀಟರ್ ವಿ6 ಹೈಬ್ರಿಡ್ ಎಂಜಿನ್ನನ್ನು ರಸ್ತೆ ಕಾರಿಗೆ ಹಾಕುತ್ತೇವೆ ಅಂತ 2017ರಲ್ಲಿ ಮಾದರಿ ಕಾರು ತೋರಿಸಿದರು. ತಯಾರಿಕೆ ಶುರುವಾಗಿದ್ದು 2022ರಲ್ಲಿ. ಅಷ್ಟು ವರ್ಷ ತಲೆ ತಿಂದ ಸಮಸ್ಯೆಗಳಲ್ಲಿ ಒಂದು ಐಡ್ಲಿಂಗ್! ಎಫ್‌1ನಲ್ಲಿ 5,000ದ ಹತ್ತಿರ ಐಡಲ್ ಆಗುವ ಎಂಜಿನ್ನನ್ನು 1,200ಕ್ಕೆ ಇಳಿಸಬೇಕು, ಹೊಗೆ ಪರೀಕ್ಷೆಯಲ್ಲೂ ಪಾಸಾಗಬೇಕು. ವಿಶ್ವ ಚಾಂಪಿಯನ್ ಎಂಜಿನಿಯರುಗಳು ಸುಸ್ತಾದ ಕೆಲಸ. ನಾವು ಅದನ್ನು ಶೆಡ್ಡಿನಲ್ಲಿ ದೀಪಾವಳಿ ರಜೆಯಲ್ಲಿ ಮುಗಿಸುತ್ತೇವೆ ಅಂತ ಹೊರಟಿದ್ದೇವೆ.

ನಮ್ಮ ಕಡೆಯ ರೇಸಿಂಗ್ ಬೆಳೆದ ದಾರಿಯೇ ಬೇರೆ. ನನಗೆ ಅದೇ ಹೆಚ್ಚು ಇಷ್ಟ. ಕೊಯಮತ್ತೂರಿನ ಕರಿವರ್ಧನ್ ಮಾರುತಿ 800ರ ಎಂಜಿನ್ ತೆಗೆದು ಫಾರ್ಮುಲಾ ಮಾರುತಿ ಕಾರು ಕಟ್ಟಿದರು. ನಿಮ್ಮ ಸೋದರಮಾವ ಸಂಸಾರ ಸಮೇತ ಧರ್ಮಸ್ಥಳಕ್ಕೆ ಹೋಗಿ ಬಂದ ಅದೇ 796 ಸಿಸಿ, ಮೂರು ಸಿಲಿಂಡರ್! ಆಮೇಲೆ ಬಂದ ಫಾರ್ಮುಲಾ ಎಲ್‌ಜಿಬಿಯಲ್ಲೂ ಇರುವುದು ಮಾರುತಿಯ 1,300 ಸಿಸಿ ಎಂಜಿನ್. ರಸ್ತೆಯ ಎಂಜಿನ್ ಟ್ರ್ಯಾಕಿಗೆ ಹೋಯಿತು, ಹುಡುಗರು ಅದರಲ್ಲೇ ರೇಸ್ ಕಲಿತರು. ಪಾರ್ಟ್ಸ್ ಬೇಕಾದರೆ ಜೆ.ಸಿ. ರಸ್ತೆ ಇದೆ.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕಂದ್ರೆ ಅದರಲ್ಲಿ ವಾದಕ್ಕೆ ಜಾಗವೇ ಇಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಆರ್‌ಸಿಯಲ್ಲಿ ಎಂಜಿನ್ ನಂಬರ್ ಬರೆದಿರುತ್ತದೆ. ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್ ಸರ್ವೇಯರ್ ಬಾನೆಟ್ ಎತ್ತುತ್ತಾನೆ. ಅವನಿಗೇನು ಹೇಳುತ್ತೀರಿ?

ಆದರೂ ಆ ಸದ್ದಿದೆಯಲ್ಲ, ಅದರ ಆಸೆ ನನಗೆ ಅರ್ಥವಾಗುತ್ತದೆ. ಎಂಟು ಸಿಲಿಂಡರ್ 9,000ಕ್ಕೆ ಏರುವಾಗ ಎದೆಯೊಳಗೆ ಏನೋ ಆಗುತ್ತದೆ. ಆ ಸದ್ದು ಬರುವುದು ಕಾಲು ಪೂರ್ತಿ ಒತ್ತಿದಾಗ ಮಾತ್ರ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಎಷ್ಟು ಒತ್ತುತ್ತೀರಿ? ಬೆಳಗಿನ ಜಾವ ಏರ್‌ಪೋರ್ಟ್ ರಸ್ತೆಯಲ್ಲಿ ಒತ್ತುತ್ತೇನೆ ಅನ್ನುವವರ ಜೊತೆ ನನಗೆ ಮಾತಿಲ್ಲ. ಆ ಹೊತ್ತಿಗೆ ಹಾಲಿನ ಗಾಡಿಯವರು, ಪೌರಕಾರ್ಮಿಕರು, ಶಿಫ್ಟ್ ಮುಗಿಸಿದ ಕ್ಯಾಬ್ ಡ್ರೈವರುಗಳು ರಸ್ತೆಯಲ್ಲಿರುತ್ತಾರೆ.

ದುಡ್ಡಿದೆ, ಹುಚ್ಚೂ ಇದೆ ಅಂದರೆ ಟ್ರ್ಯಾಕಿಗೆ ಅಂತಲೇ ಒಂದು ಕಾರು ಕಟ್ಟಿ. ಹಳೇ ಸ್ವಿಫ್ಟ್ ಸಾಕು. ಒಳ್ಳೆ ಬ್ರೇಕು, ಒಳ್ಳೆ ಟೈರು, ಕಾರು ಪಲ್ಟಿಯಾದರೆ ಕಾಯುವ ರೋಲ್ ಕೇಜ್ ಹಾಕಿ. ಎಂಜಿನ್ ಕೊನೆಗೆ ನೋಡಿ. ಚೆನ್ನೈ ರಸ್ತೆಯಲ್ಲಿ ಸುಮಾರು 300 ಕಿಲೋಮೀಟರ್ ಹೋದರೆ ಇರುಂಗಾಟ್ಟುಕೋಟೈ ಟ್ರ್ಯಾಕ್ ಸಿಗುತ್ತದೆ, ಆ ಕಡೆ ಕೊಯಮತ್ತೂರಿನಲ್ಲಿ ಕರಿವರ್ಧನ್ ಹೆಸರಿನದೇ ಸ್ಪೀಡ್‌ವೇ ಇದೆ. ಫ್ಲಾಟ್‌ಬೆಡ್ ಮೇಲೆ ಹಾಕಿಕೊಂಡು ಹೋಗಿ. ಅಷ್ಟು ದೂರಕ್ಕೆ ಫ್ಲಾಟ್‌ಬೆಡ್ ಬಾಡಿಗೆ ಜಾಸ್ತಿ ಅಂತೀರಾ? ಒಂದು ಸೆಟ್ ರೇಸ್ ವಾಲ್ವ್ ಸ್ಪ್ರಿಂಗಿನ ಬೆಲೆ ಕೇಳಿಕೊಂಡು ಬನ್ನಿ, ಆಮೇಲೆ ಬಾಡಿಗೆ ಮಾತಾಡೋಣ.