ಬಳ್ಳಾರಿಯ ದಂಡು ಮತ್ತು ಒಂದು ಪ್ಯಾಂಟಿನ ಹೊಲಿಗೆ

ಕೇಳುಗರಿಗೆಲ್ಲ ನಮಸ್ಕಾರ. ಬಳ್ಳಾರಿಯ ಕಂಟೋನ್ಮೆಂಟ್ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಕರೆದಿದ್ದಾರೆ. ಬಳ್ಳಾರಿ ಇತಿಹಾಸ ಅಂದ ಕೂಡಲೇ ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಬಳ್ಳಾರಿ ಗುಡ್ಡದ ಕೋಟೆ ಕಟ್ಟಿದ ಆ ಫ್ರೆಂಚ್ ಇಂಜಿನಿಯರನ್ನು ಹೈದರಾಲಿ ನಿಜವಾಗಲೂ ನೇಣಿಗೆ ಹಾಕಿಸಿದನಾ ಸಾರ್? ಆ ಕಥೆ ನೂರು ಸಲ ಕೇಳಿದ್ದೀರಿ. ಇವತ್ತು ಸ್ವಲ್ಪ ಕೋಟೆಗುಡ್ಡದಿಂದ ಕೆಳಗೆ ಇಳಿಯೋಣ.

ನಾನು ಹೇಳಬೇಕಾದ್ದು ಇಷ್ಟೇ. ಊರ ಹೊರಗೆ ದಂಡು ಬಂದು ಕೂತರೆ, ಅದರ ಬೆನ್ನಿಗೆ ಇನ್ನೊಂದು ಊರೇ ಬರುತ್ತದೆ. ಸಿಪಾಯಿಗೆ ಊಟ ಬೇಕು, ಬಟ್ಟೆ ಬೇಕು. ಕುದುರೆಗೆ ಹುರುಳಿ ಬೇಕು. ಅದನ್ನೆಲ್ಲ ಒದಗಿಸುವವರೂ ಬರಬೇಕು ಅಲ್ವಾ?

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ. ಯಾಕೆ? ತನ್ನ ಕಾವಲಿಗೆ ಇಟ್ಟುಕೊಂಡ ಕಂಪನಿ ಸೈನ್ಯದ ಖರ್ಚಿಗೆ. ಅಂದರೆ ನಮ್ಮ ಸೀಮೆ ಕೈ ಬದಲಾಯಿಸಿದ್ದೇ ಸಿಪಾಯಿಗಳ ಸಂಬಳಕ್ಕೆ! ಆಮೇಲೆ ಇಲ್ಲೇ ದಂಡು ನೆಲೆಯೂರಿತು. ಪಕ್ಕದಲ್ಲಿ ಕೌಲ್ ಬಜಾರ್ ಬೆಳೆಯಿತು. ಕೌಲು ಅಂದರೆ ಕರಾರು. ದಂಡು ಮೊದಲು, ಬಜಾರು ಆಮೇಲೆ. ಇದನ್ನು ಮರೆಯಬೇಡಿ.

ಈಗ ನನ್ನ ಪ್ಯಾಂಟಿನ ವಿಷಯ. ಇಪ್ಪತ್ತೈದು ವರ್ಷದ ಹಿಂದೆ ಸೈಕಲ್ ಹತ್ತುವಾಗ ಹೊಸ ಪ್ಯಾಂಟು ಪರ್ರನೆ ಹರಿಯಿತು. ಕೌಲ್ ಬಜಾರಿನ ಒಂದು ಗಲ್ಲಿಯಲ್ಲಿ ವಯಸ್ಸಾದ ದರ್ಜಿಯೊಬ್ಬರ ಹತ್ತಿರ ಕೊಟ್ಟೆ. ಅವರು ಅದನ್ನು ಒಳಮಗ್ಗುಲಿಗೆ ತಿರುಗಿಸಿದರು. ಹೊಲಿಗೆಯ ಮೇಲೆ ಉಗುರು ಎಳೆದರು. "ಇದು ಹೊಲಿಗೀನಾ ಮೇಷ್ಟ್ರೇ? ಸುಮ್ನೆ ಅಂಟಿಸ್ಯಾರ" ಅಂದರು. ಎರಡು ಅಂಚನ್ನು ಒಂದರೊಳಗೊಂದು ಸಿಕ್ಕಿಸಿ ಮಡಿಸಿ, ಮೇಲೆ ಎರಡು ಸಾಲು ಹೊಲಿಗೆ ಹಾಕಿದರು. ಹರಿದದ್ದು ಒಂದೇ ಕಡೆ. ಅವರು ಬಿಚ್ಚಿ ಹೊಲಿದದ್ದು ಎರಡೂ ಕಾಲು. ಮೂರು ದಿನ ನನ್ನನ್ನು ಓಡಾಡಿಸಿದರು. ರೇಗಿದಾಗ ಹೇಳಿದರು, "ನಮ್ಮಜ್ಜ ದಂಡಿಗೆ ಹೊಲೀತಿದ್ದ ರೀ. ಸಿಪಾಯಿ ಕುಂತ್ರೂ ಓಡಿದ್ರೂ ಬಿಚ್ಚಬಾರ್ದು." ಆಮೇಲೆ ಒಳಗೆ ತಿರುಗಿ ಮರಾಠಿಯಲ್ಲಿ ಚಹಾ ಕೇಳಿದರು.

ಆ ಮರಾಠಿ ಎಲ್ಲಿಂದ ಬಂತು ಗೊತ್ತಾ? ಮೊದಲ ಮಹಾಯುದ್ಧದ ಕಾಲಕ್ಕೆ ಸಿಪಾಯಿಗಳ ಸಮವಸ್ತ್ರ ಹೊಲಿಯಲೆಂದು ಮರಾಠಿ ಮಾತಾಡುವ ದರ್ಜಿ ಕುಟುಂಬಗಳನ್ನು ಇಲ್ಲಿಗೆ ಕರೆಸಿದ್ದರು. ಇಂಗ್ಲಿಷರು ಹೋದರು, ದರ್ಜಿಗಳು ಉಳಿದರು. ಮುಂದೆ ಅವರ ಕಸುಬೇ ಬಳ್ಳಾರಿ ಜೀನ್ಸ್ ಆಯಿತು. ಮನೆಯಲ್ಲಿ ಜೀನ್ಸ್ ಇದ್ದರೆ ತಿರುಗಿಸಿ ನೋಡಿ. ಕಾಲಿನ ಹೊಲಿಗೆಯಲ್ಲಿ ಅಂಥದೇ ಮಡಿಕೆ, ಅಂಥವೇ ಎರಡು ಸಾಲು. ಜೀನ್ಸ್ ಬಗ್ಗೆ ಮಾತಾಡುವವರು ಜಾಸ್ತಿ, ದಂಡಿನ ಹೆಸರು ಎತ್ತುವವರು ಒಬ್ಬರೂ ಇಲ್ಲ!

ಸ್ಟುಡಿಯೋ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಅದೇ ಯುದ್ಧದಲ್ಲಿ ತುರ್ಕಿ ಸೈನ್ಯದ ಕೈದಿಗಳನ್ನು ತಂದು ಬಳ್ಳಾರಿಯಲ್ಲಿ ಇಟ್ಟಿದ್ದರು. ಅದನ್ನು ಹೇಳಲು ಪುರುಸೊತ್ತೇ ಆಗಲಿಲ್ಲ. ಬಳ್ಳಾರಿ ಕಂಟೋನ್ಮೆಂಟ್ ಅಂತ ರೈಲ್ವೆ ಸ್ಟೇಷನ್ ಈಗಲೂ ಇದೆ, ಅದರ ಮಾತೂ ಉಳಿಯಿತು. ಪ್ಯಾಂಟಿನದೇ ಉದ್ದ ಆಯಿತು, ಇರಲಿ. ಇನ್ನೊಮ್ಮೆ ಕರೆದರೆ ಬರುತ್ತೇನೆ. ಫ್ರೆಂಚ್ ಇಂಜಿನಿಯರ್ ವಿಷಯ ಮಾತ್ರ ಕೇಳಬೇಡಿ. ನಮಸ್ಕಾರ.